ವಿದ್ಯುತ್ತು ನೂಲುವ ನೂಲು

ಶಾವಿಗೆ ಒತ್ತುವುದನ್ನು ನೋಡದವರು ನಮ್ಮಲ್ಲಿ ವಿರಳ. ಬೆಂದ ಹಿಟ್ಟಿನ ಉಂಡೆಯನ್ನು ಒರಳಿನೊಳಗಿಟ್ಟು ಮೇಲಿನಿಂದ ಬಲವಾಗಿ ಅದುಮಿದರೆ ತಳದ ತೂತುಗಳ ಮೂಲಕ ನೀಳವಾದ ಎಳೆಗಳು ಇಳಿದುಬರುವುವು. ನೈಲಾನ್, ಟೆರಿಲೀನ್ ಮೊದಲಾದ ಕೃತಕ ನೂಲುಗಳನ್ನು ಕಾರ್ಖಾನೆಗಳಲ್ಲಿ ತಯಾರಿಸುವ ಕ್ರಮವೂ ಮೂಲತಃ ಇದೇ. ಕರಗಿಸಿದ ದ್ರವ್ಯವನ್ನು ಸಣ್ಣ ತೂತುಗಳುಳ್ಳ ತಟ್ಟೆಯ ಮೂಲಕ ತಳ್ಳಿ, ಹೊರಬಂದ ಎಳೆಯನ್ನು ತಣಿಸಿ, ಎಳೆದು, ಉರುಳೆಗಳಿಗೆ ಸುತ್ತುವರು. ಹೀಗೆ ದೊರೆಯುವ ಎಳೆಯ ವ್ಯಾಸವು ಸಾಮಾನ್ಯವಾಗಿ ಹತ್ತು ಇಪ್ಪತ್ತು ಮೈಕ್ರೋಮೀಟರುಗಳಷ್ಟು ಇರುವುದು. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ರೇಷ್ಮೆಹುಳು ತನ್ನ ಬಾಯಿಂದ ಹೊರಡಿಸುವ ಎಳೆಯೂ ಸುಮಾರಾಗಿ ಇದೇ ಗಾತ್ರದ್ದು.

ಇದಕ್ಕಿಂತ ನೂರು ಪಾಲು ತೆಳುವಾದ ನೂಲು ಬೇಕಾದರೆ ಏನು ಮಾಡಬೇಕು? ತೂತನ್ನೂ ನೂರು ಪಾಲು ಕಿರಿದು ಮಾಡಿದರೆ ಸಾಲದೆ ಎಂದು ಓದುಗರು ಕೇಳಬಹುದು. ಸಣ್ಣ ಕಣ್ಣಿನ ಬಿಲ್ಲೆಯನ್ನು ಹಾಕಿ ಶಾವಿಗೆ ಒತ್ತಿದವರ ತೋಳುಗಳಿಗೆ ಇದರ ಉತ್ತರ ತಿಳಿದಿದೆ. ಕೊಳವೆಯ ಉದ್ದವೂ ಒತ್ತಡವೂ ಮೊದಲಿನಷ್ಟೇ ಇದ್ದಾಗ, ಅದರಲ್ಲಿ ಹರಿಯುವ ದ್ರವದ ಪ್ರಮಾಣವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ತೂತು ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲಾಗುವುದು. ತೂತು ನೂರರಲ್ಲಿ ಒಂದಾದರೆ ಹರಿವು ಹತ್ತು ಕೋಟಿಯಲ್ಲಿ ಒಂದು ಪಾಲಿಗೆ ಇಳಿಯುವುದು. ಆದಕಾರಣ ತಳ್ಳುವ ದಾರಿ ಇಲ್ಲಿಗೆ ಮುಗಿಯಿತು. ತಳ್ಳಲಾಗದಿದ್ದರೆ ಎಳೆಯಬೇಕು. ಆದರೆ ಕಣ್ಣಿಗೇ ಕಾಣದ ಹಸಿ ಎಳೆಯನ್ನು ಹಿಡಿದೆಳೆಯುವ ಕೈ ಯಾವುದು?

ಆ ಕೈ ವಿದ್ಯುತ್ತಿನದು. ಈ ಕ್ರಮಕ್ಕೆ ವಿದ್ಯುತ್ ನೂಲುವಿಕೆ ಎಂದು ಹೆಸರು. ಇದು ಹೇಗೆ ನಡೆಯುವುದು, ಇದರಲ್ಲಿ ಅಡಗಿದ್ದ ಒಂದು ಒಗಟನ್ನು ವಿಜ್ಞಾನಿಗಳು ಹೇಗೆ ಬಿಡಿಸಿದರು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸೋಣ.

ಬೃಹದಣುಗಳು

ನೂಲಾಗುವ ಗುಣ ಎಲ್ಲ ದ್ರವಗಳಿಗೂ ಇಲ್ಲ. ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ಧಾರೆಯನ್ನು ಗಮನಿಸಿ. ಮೇಲೆ ಅದು ಅಖಂಡವಾಗಿರುವುದು. ಸ್ವಲ್ಪ ಕೆಳಗೆ ಬರುವಷ್ಟರಲ್ಲಿ ಹನಿಹನಿಯಾಗಿ ತುಂಡರಿಸುವುದು. ದ್ರವದ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸಿ, ತನ್ನ ವಿಸ್ತಾರವನ್ನು ಸಾಧ್ಯವಾದಷ್ಟು ಕಡಮೆ ಮಾಡಿಕೊಳ್ಳಲು ಯತ್ನಿಸುವುದೇ ಇದಕ್ಕೆ ಕಾರಣ. ಅಷ್ಟೇ ನೀರು ಉದ್ದನೆಯ ಧಾರೆಯಾಗಿರುವುದಕ್ಕಿಂತ ಹನಿಗಳಾಗಿರುವಾಗ ಅದರ ಮೇಲ್ಮೈ ಕಡಮೆ. ಈ ಬಲಕ್ಕೆ ಮೇಲ್ಮೈ ಎಳೆತವೆಂದು ಹೆಸರು.

ಈ ತುಂಡರಿಕೆಯನ್ನು ತಡೆಯಬಲ್ಲವು ಪಾಲಿಮರುಗಳೆಂಬ ಬೃಹದಣುಗಳು. ಚಿಕ್ಕ ಅಣುಗುಂಪುಗಳು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ಇವು ಆಗಿರುತ್ತವೆ. ರಬ್ಬರು, ಹತ್ತಿಯ ಸೆಲ್ಯುಲೋಸು ಮುಂತಾದವು ಇಂಥ ನೀಳ ಸರಪಣಿಗಳೆಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಅವರು ೧೯೨೦ರಲ್ಲಿ ಹೇಳಿದಾಗ ಒಪ್ಪಿದವರು ಕಡಮೆ. ಅಷ್ಟು ದೊಡ್ಡ ಅಣುಗಳು ಇರಲಾರವೆಂದೇ ಅಂದಿನ ಅನೇಕ ರಸಾಯನಜ್ಞರ ನಂಬಿಕೆ. ಕಾಲಕ್ರಮದಲ್ಲಿ ಅವರ ಮಾತೇ ನಿಜವಾಗಿ, ೧೯೫೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ವಿದ್ಯುತ್ ನೂಲುವಿಕೆಯ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಕೆಯಾದ ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಅಣುತೂಕ ೯,೦೦,೦೦೦ ಇದ್ದರೆ, ಒಂದೊಂದು ಕೊಂಡಿಯ ತೂಕ ೪೪ ಆಗಿರುವುದರಿಂದ, ಒಂದು ಅಣುವಿನಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಕೊಂಡಿಗಳಿರುವುವು. ಇಂಥ ಅಣುಗಳು ನೀರಿನಲ್ಲಿ ಕರಗಿ ಒತ್ತಾಗಿ ಸೇರಿದಾಗ ಬಟ್ಟಲಿನಲ್ಲಿಟ್ಟ ಶಾವಿಗೆಯಂತೆ ಪರಸ್ಪರ ಸಿಕ್ಕಿಕೊಳ್ಳುತ್ತವೆ. ಅಕ್ಕಿಯ ರಾಶಿಯಿಂದ ಒಂದು ಕಾಳನ್ನು ತೆಗೆದರೆ ಅದೊಂದೇ ಬರುವುದು. ಶಾವಿಗೆಯ ರಾಶಿಯಿಂದ ಒಂದೆಳೆಯನ್ನು ಎತ್ತಿದರೆ ಮಿಕ್ಕವೂ ಹಿಂಬಾಲಿಸುವುವು. ಈ ಸಿಕ್ಕೇ ಧಾರೆಯನ್ನು ತುಂಡಾಗದಂತೆ ಕಾಯುವುದು. ದ್ರಾವಣ ತೀರ ತಿಳಿಯಾದರೆ ಸಿಕ್ಕು ಸಡಿಲವಾಗಿ, ದಾರದಲ್ಲಿ ಪೋಣಿಸಿದ ಮಣಿಗಳಂತೆ ನೂಲಿನ ಉದ್ದಕ್ಕೂ ಗಂಟುಗಳೇಳುವುವು. ಇನ್ನೂ ತಿಳಿಯಾದರೆ ನೂಲೇ ಇಲ್ಲ, ತುಂತುರು ಮಾತ್ರ. ತೀರ ಗಟ್ಟಿಯಾದರೆ ಧಾರೆ ಹೊರಡುವುದೇ ಇಲ್ಲ. ಪಾಕದ ಹದ ಬಲ್ಲವರಿಗೆ ಈ ಮಾತು ಹೊಸದೆನಿಸಲಾರದು.

ಹನಿಯ ಮೂತಿ

ಈಗ ಉಪಕರಣವನ್ನು ನೋಡೋಣ. ಅದು ಆಶ್ಚರ್ಯಪಡುವಷ್ಟು ಸರಳವಾದುದು. ಪಿಚಕಾರಿಯಲ್ಲಿ ಪಾಲಿಮರಿನ ದ್ರಾವಣ. ಅದರ ತುದಿಗೆ ಲೋಹದ ಸೂಜಿ. ಸೂಜಿಯಿಂದ ಹತ್ತು ಇಪ್ಪತ್ತು ಸೆಂಟಿಮೀಟರ್ ದೂರದಲ್ಲಿ ಒಂದು ಲೋಹದ ಹಾಳೆ. ಇವೆರಡರ ನಡುವೆ ಹತ್ತಾರು ಸಾವಿರ ವೋಲ್ಟುಗಳ ವಿದ್ಯುತ್ ಒತ್ತಡ. ಇಷ್ಟೇ. ಸೂಜಿಯ ತುದಿಯಲ್ಲಿ ತೂಗುವ ಹನಿಯ ಮೇಲೆ ವಿದ್ಯುದಂಶಗಳು ನೆರೆಯುವುವು. ಸಜಾತೀಯ ವಿದ್ಯುದಂಶಗಳು ಒಂದನ್ನೊಂದು ದೂಡುವುದರಿಂದ ಹನಿ ಉಬ್ಬಲು ಯತ್ನಿಸುವುದು. ಮೇಲ್ಮೈ ಎಳೆತವು ಅದನ್ನು ಗುಂಡಗೆ ಹಿಡಿದಿಡಲು ಯತ್ನಿಸುವುದು. ವೋಲ್ಟುಗಳನ್ನು ಏರಿಸುತ್ತ ಹೋದಂತೆ ಹನಿ ನೀಳವಾಗಿ, ಕೊನೆಗೆ ಶಂಕುವಿನ ಆಕಾರ ತಾಳಿ, ಅದರ ಚೂಪಾದ ಮೊನೆಯಿಂದ ಒಂದು ಸಣ್ಣ ಧಾರೆ ಛಂಗನೆ ಹೊರಡುವುದು. ಆ ಧಾರೆ ಹಾಳೆಯನ್ನು ಮುಟ್ಟುವಷ್ಟರಲ್ಲಿ ದ್ರಾವಕವೆಲ್ಲ ಆವಿಯಾಗಿ, ಒಣಗಿದ ನೂಲು ಜೇಡರಬಲೆಯಂತೆ ಹಾಳೆಯ ಮೇಲೆ ಹರಡಿಕೊಳ್ಳುವುದು.

ವಿದ್ಯುತ್ತಿಗೆ ಹನಿಯು ಮೂತಿ ಚಾಚುವುದನ್ನು ಮೊದಲು ಬರೆದಿಟ್ಟವರು ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್. ಉಜ್ಜಿದ ಅಂಬರಿನ ತುಂಡನ್ನು ನೀರಿನ ಹನಿಯ ಬಳಿ ತಂದರೆ ಹನಿಯು ಶಂಕುವಿನಂತೆ ಏಳುವುದೆಂದು ೧೬೦೦ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ತಿಳಿಸಿದ್ದಾರೆ. ಒಂದು ಹನಿ ಎಷ್ಟು ವಿದ್ಯುದಂಶವನ್ನು ಹೊರಬಲ್ಲುದು, ಯಾವ ಮಿತಿಯನ್ನು ಮೀರಿದರೆ ಒಡೆಯುವುದು ಎಂಬುದನ್ನು ೧೮೮೨ರಲ್ಲಿ ಲಾರ್ಡ್ ರ‍್ಯಾಲೆ ಲೆಕ್ಕಹಾಕಿದರು. ಶಂಕುವಿನ ಆಕಾರವನ್ನು ಗಣಿತದಿಂದ ನಿರ್ಧರಿಸಿದವರು ಕೇಂಬ್ರಿಜ್ಜಿನ ಜೆಫ್ರಿ ಟೇಲರ್. ಮೇಲ್ಮೈ ಎಳೆತವೂ ವಿದ್ಯುತ್ ಬಲವೂ ಸರಿಸಮವಾಗಿ ತೂಗುವ ಶಂಕುವಿನ ಅಕ್ಷಕ್ಕೂ ಅಂಚಿಗೂ ನಡುವಣ ಕೋನ ೪೯.೩ ಡಿಗ್ರಿಗಳೆಂದು ೧೯೬೪ರಲ್ಲಿ ಅವರು ತೋರಿಸಿದರು. ಇಂದಿಗೂ ಅದನ್ನು ಟೇಲರ್ ಶಂಕು ಎಂದೇ ಕರೆಯುವರು.

ಇದರ ಸುಳಿವನ್ನು ಮನೆಯಲ್ಲಿಯೇ ಕಾಣಬಹುದು. ಒಣಗಿದ ತಲೆಗೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಹಲವು ಸಲ ಬಾಚಿ, ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ಧಾರೆಯ ಸಮೀಪಕ್ಕೆ ತನ್ನಿ. ಧಾರೆ ಬಾಚಣಿಗೆಯ ಕಡೆಗೆ ಬಾಗುವುದು. ವಿದ್ಯಾರ್ಥಿಗಳು ಇಷ್ಟರಿಂದಲೇ ತೃಪ್ತರಾಗಬೇಕು. ಸಾವಿರಾರು ವೋಲ್ಟುಗಳ ಪ್ರಯೋಗವು ಪ್ರಾಣಾಪಾಯಕರವಾದುದರಿಂದ ಅದು ಪ್ರಯೋಗಶಾಲೆಗಳಲ್ಲಿ, ಅನುಭವಿಗಳ ಎದುರಿನಲ್ಲಿ ಮಾತ್ರ ನಡೆಯತಕ್ಕದ್ದು.

ಮರೆತು ಮತ್ತೆ ಕಲಿತ ವಿದ್ಯೆ

ಹೀಗೆ ನೂಲು ತೆಗೆಯುವ ಕ್ರಮಕ್ಕೆ ೧೯೦೨ರಲ್ಲಿಯೇ ಅಮೆರಿಕದಲ್ಲಿ ಕೂಲಿ ಮತ್ತು ಮಾರ್ಟನ್ ಎಂಬವರು ಬೇರೆಬೇರೆಯಾಗಿ ಹಕ್ಕುಪತ್ರ ಪಡೆದಿದ್ದರು. ಜರ್ಮನಿಯ ಆಂಟನ್ ಫಾರ್ಮ್‌ಹಾಲ್ಸ್ ೧೯೩೪ರಿಂದ ಮುಂದಕ್ಕೆ ಇಂಥ ಹಲವು ಹಕ್ಕುಪತ್ರಗಳನ್ನು ಪಡೆದರು. ಬಟ್ಟೆಗಾಗಿ ನೂಲು ತಯಾರಿಸುವುದು ಅವರ ಗುರಿ. ಆದರೆ ನೂಲು ಪೂರ್ತಿ ಒಣಗದೆ ಅಂಟಿಕೊಳ್ಳುವುದೇ ಮೊದಲಾದ ತೊಡಕುಗಳಿದ್ದುವು. ಬಟ್ಟೆಯ ಗಿರಣಿಗಳಲ್ಲಿ ಈ ಕ್ರಮ ನೆಲೆಯೂರಲಿಲ್ಲ.

ಇದು ಮೊದಲು ಉಪಯೋಗಕ್ಕೆ ಬಂದುದು ಸೋವಿಯತ್ ದೇಶದಲ್ಲಿ, ಬಟ್ಟೆಗಾಗಿಯಲ್ಲ, ಗಾಳಿಯನ್ನು ಸೋಸುವುದಕ್ಕಾಗಿ. ಮಾಸ್ಕೋ ನಗರದ ಕಾರ್ಪೋವ್ ಸಂಸ್ಥೆಯಲ್ಲಿ ಪೆಟ್ರಿಯಾನೋವ್ ಸೊಕೊಲೊವ್ ಅವರೂ ಅವರ ಸಂಗಡಿಗರೂ ೧೯೩೮ರ ಸುಮಾರಿಗೆ ಇಂಥ ತೆಳುನೂಲಿನ ಶೋಧಕಗಳನ್ನು ಸಿದ್ಧಪಡಿಸಿದರು. ವಿಷಧೂಮವನ್ನು ತಡೆಯುವ ಮುಖವಾಡಗಳಿಗೆ ಇವು ಬೇಕಾಗಿದ್ದುವು. ಮುಂದೆ ಇದೇ ನೂಲಿನಿಂದ 'ಎಸಳು' ಎಂಬ ಅರ್ಥದ 'ಲೆಪೆಸ್ತೋಕ್' ಎಂಬ ಹಗುರವಾದ ಮುಖಕವಚವನ್ನು ಮಾಡಿದರು. ವಿಕಿರಣಶೀಲ ಧೂಳಿನ ನಡುವೆ ದುಡಿಯುವವರು ಇದನ್ನು ಧರಿಸುತ್ತಿದ್ದರು. ೧೯೮೬ರಲ್ಲಿ ಚರ್ನೋಬಿಲ್ ಪರಮಾಣು ಸ್ಥಾವರವು ಸಿಡಿದ ತರುವಾಯ ಅಲ್ಲಿ ಕೆಲಸಕ್ಕೆ ಇಳಿದವರ ಮೂಗು ಬಾಯಿಗಳನ್ನು ಮುಚ್ಚಿದ್ದುದೂ ಇದೇ. ಈ ಸಂಶೋಧನೆ ಬಹುಕಾಲ ಹೊರಗಿನವರಿಗೆ ಹೆಚ್ಚಾಗಿ ತಿಳಿಯಲಿಲ್ಲ.

ಮರೆವಿನಿಂದ ಈ ವಿದ್ಯೆಯನ್ನು ಹೊರತೆಗೆದು ವಿಜ್ಞಾನದ ಬೆಳಕಿಗೆ ಒಡ್ಡಿದವರಲ್ಲಿ ಡ್ಯಾರೆಲ್ ರೆನೆಕರ್ ಮುಖ್ಯರು. ಭೌತವಿಜ್ಞಾನದಲ್ಲಿ ಶಿಕ್ಷಣ ಪಡೆದ ಇವರು, ರಬ್ಬರು ಮತ್ತು ಟಯರುಗಳಿಗೆ ಹೆಸರಾಗಿದ್ದ ಅಮೆರಿಕದ ಆಕ್ರನ್ ನಗರದ ವಿಶ್ವವಿದ್ಯಾನಿಲಯದಲ್ಲಿ ಪಾಲಿಮರುಗಳ ಪ್ರಾಧ್ಯಾಪಕರಾಗಿದ್ದರು. ೧೯೯೫ ಮತ್ತು ೧೯೯೬ರಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ಅವರು ಪ್ರಕಟಿಸಿದ ಲೇಖನಗಳು, ಹತ್ತಾರು ಬಗೆಯ ಪಾಲಿಮರುಗಳಿಂದ ನ್ಯಾನೋಮೀಟರ್ ಪ್ರಮಾಣದ ನೂಲನ್ನು ಸುಲಭವಾಗಿ ತೆಗೆಯಬಹುದೆಂದು ಲೋಕಕ್ಕೆ ತೋರಿಸಿದುವು. ನ್ಯಾನೋಮೀಟರ್ ಎಂದರೆ ಮೈಕ್ರೋಮೀಟರಿನ ಸಾವಿರದಲ್ಲಿ ಒಂದು ಪಾಲು. ನೂರು ನ್ಯಾನೋಮೀಟರ್ ವ್ಯಾಸದ ನೂಲು ನಮ್ಮ ತಲೆಗೂದಲಿನ ಸುಮಾರು ಏಳುನೂರರಲ್ಲಿ ಒಂದು ಪಾಲು ದಪ್ಪ. ಕಣ್ಣಿಗೆ ಕಾಣುವ ಬೆಳಕಿನ ಅಲೆಗಳ ಉದ್ದವೇ ೪೦೦ ನ್ಯಾನೋಮೀಟರುಗಳಿಗೆ ಮೇಲ್ಪಟ್ಟಿರುವುದರಿಂದ ಈ ನೂಲಿನ ನಿಜವಾದ ರೂಪವನ್ನು ಸಾಮಾನ್ಯ ಸೂಕ್ಷ್ಮದರ್ಶಕವು ತೋರಿಸಲಾರದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಲೆಕ್ಕಕ್ಕೆ ಸಿಗದ ವೇಗ

ಇಲ್ಲಿಯೇ ಆ ಒಗಟು ಎದುರಾಗುವುದು. ಓದುಗರು ಲೇಖನಿ ಹಿಡಿದು ಈ ಲೆಕ್ಕವನ್ನು ಮಾಡಿನೋಡಲಿ.

ಒಂದು ಘನ ಸೆಂಟಿಮೀಟರಿಗೆ ಒಂದು ಗ್ರಾಂ ತೂಗುವ ಪಾಲಿಮರನ್ನು ನೂರು ನ್ಯಾನೋಮೀಟರ್ ವ್ಯಾಸದ ನೂಲಾಗಿ ತೆಗೆದೆವೆನ್ನೋಣ. ಒಂದು ಗ್ರಾಂ ಪಾಲಿಮರಿನಿಂದ ದೊರೆಯುವ ನೂಲಿನ ಉದ್ದ ಸುಮಾರು ೧,೨೭,೦೦೦ ಕಿಲೋಮೀಟರು. ಇದು ಭೂಮಿಯ ಸಮಭಾಜಕ ವೃತ್ತವನ್ನು ಮೂರು ಸಲ ಸುತ್ತುವಷ್ಟು ಆಯಿತು. ಈಗ ಪಿಚಕಾರಿಯಿಂದ ಗಂಟೆಗೆ ಒಂದು ಮಿಲಿಲೀಟರಿನಂತೆ ದ್ರಾವಣ ಹೊರಬರುತ್ತಿದ್ದು, ಅದರಲ್ಲಿ ನೂರಕ್ಕೆ ಆರು ಪಾಲು ಪಾಲಿಮರು ಇದೆಯೆಂದು ಇಟ್ಟುಕೊಳ್ಳಿ. ಗಂಟೆಗೆ ದೊರೆಯುವ ಪಾಲಿಮರು ೦.೦೬ ಗ್ರಾಂ, ಅದರ ನೂಲಿನ ಉದ್ದ ಸುಮಾರು ೭,೬೦೦ ಕಿಲೋಮೀಟರು. ಎಂದರೆ ಸೆಕೆಂಡಿಗೆ ಎರಡು ಕಿಲೋಮೀಟರಿಗೂ ಮಿಕ್ಕ ನೂಲು ಹಾಳೆಯ ಮೇಲೆ ಬೀಳುತ್ತಿರಬೇಕು. ನೂಲು ಸೂಜಿಯಿಂದ ಹಾಳೆಗೆ ನೇರವಾಗಿ ಓಡುತ್ತಿದ್ದರೆ ಅದರ ವೇಗ ಗಾಳಿಯಲ್ಲಿ ಶಬ್ದವು ಚಲಿಸುವ ವೇಗಕ್ಕೆ ಆರು ಪಾಲಾಗಬೇಕು. ಬಂದೂಕದ ಗುಂಡನ್ನೂ ಹಿಂದೆ ಹಾಕಬೇಕು. ಮೇಜಿನ ಮೇಲೆ ಸದ್ದಿಲ್ಲದೆ ನಡೆಯುವ ಈ ಕೆಲಸದಲ್ಲಿ ಅಂಥ ವೇಗ ಎಲ್ಲಿಂದ ಬರಬೇಕು?

ಇದಕ್ಕೆ ಸಹಜವಾಗಿ ತೋರಿದ ಉತ್ತರವೊಂದಿತ್ತು. ಧಾರೆಯನ್ನು ಬರಿಗಣ್ಣಿನಿಂದ ನೋಡಿದರೆ, ಸೂಜಿಯಿಂದ ಎರಡು ಮೂರು ಸೆಂಟಿಮೀಟರ್ ದೂರ ಅದು ನೆಟ್ಟಗಿದ್ದು, ಅಲ್ಲಿಂದ ಮುಂದೆ ಪೊರಕೆಯಂತೆ ಕೆದರಿದ ಹಲವು ಎಳೆಗಳಾಗಿ ಕಾಣುವುದು. ಒಂದು ಧಾರೆ ನೂರಾರು ಎಳೆಗಳಾಗಿ ಸೀಳುವುದಾದರೆ ಒಂದೊಂದು ಎಳೆಯೂ ನಿಧಾನವಾಗಿಯೇ ಚಲಿಸಬಹುದು. ನೂಲು ತೆಳುವಾಗುವುದಕ್ಕೂ ಕಾರಣ ಸಿಕ್ಕಿದಂತಾಯಿತು. ಸಜಾತೀಯ ವಿದ್ಯುದಂಶಗಳ ವಿಕರ್ಷಣೆಯಿಂದ ಧಾರೆ ಸೀಳುವುದೆಂದು ಹಲವರು ಭಾವಿಸಿದರು. ಆ ವರ್ಷಗಳ ಬರಹಗಳಲ್ಲಿ ರೆನೆಕರ್ ಅವರ ಅಭಿಪ್ರಾಯವೂ ಇದೇ ಆಗಿತ್ತು.

ಅಲಾತಚಕ್ರ

ಕತ್ತಲಲ್ಲಿ ಕೊಳ್ಳಿಯನ್ನು ಹಿಡಿದು ಗಿರಗಿರನೆ ತಿರುಗಿಸಿದರೆ ಬೆಂಕಿಯ ಚಕ್ರವೇ ಕಾಣುವುದಷ್ಟೆ. ಇದನ್ನು ನಮ್ಮ ಹಿಂದಿನವರು ಅಲಾತಚಕ್ರವೆಂದು ಕರೆದು, ಕಂಡುದೆಲ್ಲ ಇದ್ದುದಲ್ಲ ಎಂಬುದಕ್ಕೆ ದೃಷ್ಟಾಂತವಾಗಿ ಹೇಳುತ್ತಿದ್ದರು. ಕಣ್ಣಿನಲ್ಲಿ ಮೂಡಿದ ಬಿಂಬ ಅಳಿಸುವ ಮೊದಲೇ ಕೊಳ್ಳಿ ಬೇರೆಡೆಗೆ ಸರಿದಿರುವುದೇ ಇದರ ಗುಟ್ಟು. ನೂಲಿನ ಧಾರೆಯಲ್ಲಿ ಕಂಡ ಪೊರಕೆಯೂ ಇಂಥದೇ ಅಲಾತಚಕ್ರವಾಗಿರಬಾರದೇಕೆ?

ಸೆಕೆಂಡಿಗೆ ಸಾವಿರಾರು ಚಿತ್ರಗಳನ್ನು ತೆಗೆಯುವ ಶೀಘ್ರ ಕ್ಯಾಮೆರಾವನ್ನು ಧಾರೆಗೆ ಎದುರಾಗಿ ಹಿಡಿದಾಗ ನಿಜ ಹೊರಬಿತ್ತು. ಚಿತ್ರಗಳಲ್ಲಿ ಹಲವು ಎಳೆಗಳಿರಲಿಲ್ಲ, ಇದ್ದುದು ಒಂದೇ ಎಳೆ. ಅದು ಸುರುಳಿ ಸುರುಳಿಯಾಗಿ ಬಳುಕುತ್ತ, ಪ್ರತಿಯೊಂದು ಸುರುಳಿಯೂ ಅಗಲವಾಗುತ್ತ ಕೆಳಗಿಳಿಯುತ್ತಿತ್ತು. ರೆನೆಕರ್ ಅವರೂ, ಆಗ ಇಸ್ರೇಲಿನ ಹೈಫಾ ನಗರದ ಟೆಕ್ನಿಯನ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಯಾರಿನ್ ಅವರೂ, ತಮ್ಮ ಇಬ್ಬರು ಸಂಗಡಿಗರೊಡನೆ ೨೦೦೦ದಲ್ಲಿ ಈ ಬಳುಕಿನ ಕಾರಣವನ್ನು ಗಣಿತದ ಮೂಲಕ ವಿವರಿಸಿದರು. ತಾವೇ ಹಿಂದೆ ಬರೆದುದು ಸರಿಯಲ್ಲವೆಂದು ಕಂಡಾಗ ಅದನ್ನು ಬಿಟ್ಟು ಮುಂದೆ ನಡೆದುದು ಆ ವಿಜ್ಞಾನಿಯ ದೊಡ್ಡತನ. ಕೆಲವು ಸಂದರ್ಭಗಳಲ್ಲಿ ಧಾರೆ ಕವಲೊಡೆಯುವುದೂ ಉಂಟು. ಆದರೆ ನೂಲು ತೆಳುವಾಗಲು ಮುಖ್ಯ ಕಾರಣ ಸೀಳುವಿಕೆಯಲ್ಲ, ಬಳುಕು.

ಮೂರು ಮಣಿಗಳ ದೃಷ್ಟಾಂತ

ಧಾರೆ ಏಕೆ ಬಳುಕಬೇಕು? ಒಂದೇ ಜಾತಿಯ ವಿದ್ಯುದಂಶವುಳ್ಳ ಮೂರು ಮಣಿಗಳು ಒಂದರ ಕೆಳಗೊಂದು ನೇರವಾಗಿ ನಿಂತಿವೆಯೆಂದು ಭಾವಿಸೋಣ. ನಡುವಿನ ಮಣಿಯನ್ನು ಮೇಲಿನದು ಕೆಳಕ್ಕೂ ಕೆಳಗಿನದು ಮೇಲಕ್ಕೂ ದೂಡುವುವು. ಎರಡು ಬಲಗಳೂ ಸಮನಾದುದರಿಂದ ಅದು ಅಲ್ಲಿಯೇ ನಿಲ್ಲುವುದು. ಈಗ ಯಾವುದೋ ಕಾರಣದಿಂದ ಅದು ಕೂದಲೆಳೆಯಷ್ಟು ಬಲಕ್ಕೆ ಸರಿಯಿತೆನ್ನಿ. ಆಗ ಮೇಲಿನ ಮಣಿ ಅದನ್ನು ಕೆಳಕ್ಕೆ ಮಾತ್ರವಲ್ಲ, ಓರೆಯಾಗಿ ಬಲಕ್ಕೂ ದೂಡುವುದು. ಕೆಳಗಿನ ಮಣಿಯೂ ಹಾಗೆಯೇ ಬಲಕ್ಕೆ ದೂಡುವುದು. ಮೇಲೆ ಕೆಳಗಿನ ದೂಡುವಿಕೆಗಳು ಒಂದನ್ನೊಂದು ಕಳೆದರೂ ಬಲಕ್ಕೆ ದೂಡುವ ಎರಡು ಬಲಗಳು ಕೂಡಿಕೊಳ್ಳುವುವು. ಮಣಿ ಮತ್ತಷ್ಟು ಸರಿಯುವುದು. ಸರಿದಷ್ಟೂ ದೂಡುವ ಬಲ ಹೆಚ್ಚುವುದು. ಹೀಗೆ ಅಣುವಿನಷ್ಟಿದ್ದ ಡೊಂಕು ಕ್ಷಣದಲ್ಲಿ ದೊಡ್ಡ ಬಳುಕಾಗುವುದು. ಸೂಜಿಯ ಬಳಿ ಮಾತ್ರ ಹೊರಗಿನ ವಿದ್ಯುತ್ ಕ್ಷೇತ್ರವು ಧಾರೆಯನ್ನು ಬಿಗಿಯಾಗಿ ಎಳೆದು ನೆಟ್ಟಗಿಟ್ಟಿರುವುದರಿಂದ ಮೊದಲ ಕೆಲವು ಸೆಂಟಿಮೀಟರುಗಳಲ್ಲಿ ಡೊಂಕು ಬೆಳೆಯಲು ಅವಕಾಶವಿಲ್ಲ.

ವೇಗದ ಒಗಟೂ ಇಲ್ಲಿಯೇ ಬಿಡಿಸಿಕೊಳ್ಳುವುದು. ಒಂದು ಮಿಲಿಮೀಟರ್ ತ್ರಿಜ್ಯದ ಸುರುಳಿ ಉಬ್ಬಿ ಹತ್ತು ಮಿಲಿಮೀಟರ್ ತ್ರಿಜ್ಯದ್ದಾದರೆ ಅದರಲ್ಲಿರುವ ಎಳೆ ಹತ್ತುಪಟ್ಟು ಉದ್ದವಾಯಿತು. ಆದರೆ ಎಳೆಯ ಯಾವ ಭಾಗವೂ ಕೇಂದ್ರದಿಂದ ಒಂದು ಸೆಂಟಿಮೀಟರಿಗಿಂತ ಹೆಚ್ಚು ಸರಿಯಬೇಕಾಗಲಿಲ್ಲ! ತೆಳುವಾದ ಆ ಎಳೆಯೇ ಮತ್ತೆ ಬಳುಕಿ, ದೊಡ್ಡ ಸುರುಳಿಯ ಮೈಮೇಲೆ ಸಣ್ಣ ಸುರುಳಿಗಳು ಹುಟ್ಟುವುವು; ಅವೂ ಉಬ್ಬುವುವು; ಅವುಗಳ ಮೇಲೆ ಇನ್ನೂ ಸಣ್ಣವು. ಪ್ರತಿ ಸಲವೂ ಹತ್ತುಪಟ್ಟು ಎಂದರೆ ನಾಲ್ಕು ಸಲಕ್ಕೆ ಹತ್ತು ಸಾವಿರ ಪಟ್ಟು. ಸೆಕೆಂಡಿಗೆ ಎರಡು ಕಿಲೋಮೀಟರ್ ನೂಲು ಹಾಳೆಯ ಮೇಲೆ ಬೀಳುವುದು ನಿಜವೇ. ಆದರೆ ಅದು ಸುತ್ತಿದ ಸಿಂಬೆಯಾಗಿ ಮೆಲ್ಲಗೆ ಇಳಿಯುವುದರಿಂದ ಎಳೆಯ ಯಾವ ಕಣವೂ ಅಂಥ ವೇಗದಿಂದ ಓಡಬೇಕಾಗಿಲ್ಲ. ಲೆಕ್ಕ ತಪ್ಪಿರಲಿಲ್ಲ, ಎಳೆಯು ನೇರವಾಗಿ ಓಡುವುದೆಂಬ ನಮ್ಮ ಕಲ್ಪನೆ ತಪ್ಪಿತ್ತು.

ಇಷ್ಟು ತೆಳುವಾದ ನೂಲು ಏತಕ್ಕೆ?

ನೂರು ನ್ಯಾನೋಮೀಟರಿನ ನೂಲಿನ ಒಂದು ಗ್ರಾಂ ಮೊತ್ತಕ್ಕೆ ಮೇಲ್ಮೈ ಸುಮಾರು ೪೦ ಚದರ ಮೀಟರು. ಅಷ್ಟೇ ತೂಕದ ಹತ್ತು ಮೈಕ್ರೋಮೀಟರ್ ನೂಲಿಗೆ ಚದರ ಮೀಟರಿನ ಅರ್ಧವೂ ಇಲ್ಲ. ಈ ಮೇಲ್ಮೈಯೇ ಅದರ ಸಂಪತ್ತು.

ಶೋಧಕದ ಕೆಲಸವು ಜರಡಿಯ ಕೆಲಸದಂತಲ್ಲ. ದಪ್ಪ ಕಣಗಳು ಗಾಳಿಯ ತಿರುವನ್ನು ಅನುಸರಿಸಲಾರದೆ ನೂಲಿಗೆ ಬಡಿಯುವುವು. ತೀರ ಸಣ್ಣ ಕಣಗಳು ಗಾಳಿಯ ಅಣುಗಳ ಏಟಿಗೆ ಅತ್ತಿತ್ತ ಅಲೆದಾಡಿ ನೂಲಿಗೆ ತಗಲುವುವು. ಇವೆರಡರ ನಡುವಣ, ಸುಮಾರು ೦.೩ ಮೈಕ್ರೋಮೀಟರಿನ ಕಣಗಳನ್ನು ಹಿಡಿಯುವುದೇ ಕಷ್ಟ. ನೂಲು ತೆಳುವಾದಷ್ಟೂ ಇಂಥವು ಸಿಕ್ಕಿಬೀಳುವ ಸಂಭವ ಹೆಚ್ಚು. ಹಾಗೆಂದು ಉಸಿರಾಟ ಕಷ್ಟವಾಗುವುದೂ ಇಲ್ಲ. ಗಾಳಿಯ ಅಣುವು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸಾಗುವ ಸರಾಸರಿ ದೂರ ಸುಮಾರು ೬೫ ನ್ಯಾನೋಮೀಟರು. ನೂಲಿನ ಗಾತ್ರ ಇದರ ಸಮೀಪಕ್ಕೆ ಬಂದಾಗ ಗಾಳಿಯು ನೂಲಿನ ಮೈಗೆ ಅಂಟದೆ ಜಾರಿಹೋಗುವುದರಿಂದ ಅದರ ತಡೆ ಕಡಮೆ. ಚರ್ನೋಬಿಲ್ಲಿನ ಕೆಲಸಗಾರರ ಮುಖಕವಚದಲ್ಲಿ ಇದ್ದ ಗುಣವೂ ಇದೇ ಜಾತಿಯದು.

ಎರಡನೆಯ ಉಪಯೋಗ ವೈದ್ಯಕ್ಕೆ ಸಂಬಂಧಿಸಿದ್ದು. ನಮ್ಮ ದೇಹದ ಜೀವಕೋಶಗಳು ಬರಿಯ ನೀರಿನಲ್ಲಿ ತೇಲುತ್ತಿರುವುದಿಲ್ಲ. ಕೊಲಾಜನ್ ಮುಂತಾದ ಪ್ರೋಟೀನುಗಳ ಹತ್ತಾರು, ನೂರಾರು ನ್ಯಾನೋಮೀಟರ್ ದಪ್ಪದ ಎಳೆಗಳ ಚಪ್ಪರಕ್ಕೆ ಹಬ್ಬಿಕೊಂಡಿರುತ್ತವೆ. ವಿದ್ಯುತ್ತಿನಿಂದ ನೂತ ಬಲೆಯೂ ಅದೇ ಗಾತ್ರದ ಚಪ್ಪರವಾದುದರಿಂದ ಅದರ ಮೇಲೆ ಕೋಶಗಳನ್ನು ಬೆಳೆಸುವ ಪ್ರಯೋಗಗಳು ಅನೇಕ ದೇಶಗಳಲ್ಲಿ ನಡೆದಿವೆ. ದೇಹದೊಳಗೆ ತಾನಾಗಿ ಕರಗಿಹೋಗುವ ಪಾಲಿಮರುಗಳನ್ನೂ ರೇಷ್ಮೆಯ ಪ್ರೋಟೀನನ್ನೂ ಇದಕ್ಕೆ ಬಳಸುವರು. ಹಾಳೆಗೆ ಬದಲಾಗಿ ತಿರುಗುವ ಉರುಳೆಯನ್ನಿಟ್ಟರೆ ನೂಲುಗಳು ಒಂದೇ ದಿಕ್ಕಿಗೆ ಸಾಲಾಗಿ ಬೀಳುವುವು. ಅಂಥ ಸಾಲನ್ನು ಹಿಡಿದು ನರಕೋಶಗಳು ತಮ್ಮ ಚಾಚುಗಳನ್ನು ಬೆಳೆಸುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಪ್ರಯೋಗಶಾಲೆಯಲ್ಲಿ ಕಂಡುದೆಲ್ಲವೂ ರೋಗಿಯ ಹಾಸಿಗೆಯನ್ನು ಮುಟ್ಟಿದೆಯೆಂದು ಮಾತ್ರ ಯಾರೂ ತಿಳಿಯಬಾರದು. ಆ ದಾರಿ ದೀರ್ಘವಾದುದು.

ಈ ವಿದ್ಯೆಯ ಕುಂದುಗಳನ್ನೂ ಹೇಳಬೇಕು. ಮೇಲಿನ ಲೆಕ್ಕದಂತೆ ಒಂದು ಸೂಜಿಯಿಂದ ಒಂದು ಗ್ರಾಂ ನೂಲು ಪಡೆಯಲು ಹದಿನಾರು ಗಂಟೆಗಳಿಗೂ ಹೆಚ್ಚು ಕಾಲ ಬೇಕು. ಸೂಜಿಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಒಂದರ ಧಾರೆ ಇನ್ನೊಂದರ ಧಾರೆಯನ್ನು ದೂಡುವುದು. ಕೆಲವು ದ್ರಾವಕಗಳ ಆವಿ ಆರೋಗ್ಯಕ್ಕೆ ಕೇಡು. ಸೂಜಿಯೇ ಇಲ್ಲದೆ, ದ್ರಾವಣದಲ್ಲಿ ಅದ್ದಿ ತಿರುಗುವ ಉರುಳೆಯ ಮೈಯಿಂದಲೇ ನೂರಾರು ಶಂಕುಗಳು ಏಳುವಂತೆ ಮಾಡುವುದೇ ಮೊದಲಾದ ಉಪಾಯಗಳಿಂದ ಈ ಕುಂದುಗಳಲ್ಲಿ ಕೆಲವನ್ನು ನೀಗಿಸಿದ್ದಾರೆ.

ಗಿಲ್ಬರ್ಟರು ಕಂಡ ಹನಿಯ ಮೂತಿಗೆ ಟೇಲರ್ ಅವರ ಗಣಿತ ದೊರೆಯಲು ೩೬೪ ವರ್ಷಗಳು ಬೇಕಾದುವು. ಫಾರ್ಮ್‌ಹಾಲ್ಸ್ ನೂತ ನೂಲು ಏಕೆ ಅಷ್ಟು ತೆಳುವಾಯಿತೆಂದು ಸರಿಯಾಗಿ ತಿಳಿಯಲು ಮತ್ತೆ ಅರುವತ್ತಾರು ವರ್ಷಗಳು ಕಳೆದುವು. ಕೈಯಲ್ಲಿದ್ದ ಕೆಲಸವು ನಡೆಯುತ್ತಿದೆಯೆಂಬ ಮಾತ್ರಕ್ಕೆ ಅದರ ಕಾರಣವೂ ತಿಳಿದಿದೆಯೆಂದು ಅರ್ಥವಲ್ಲ. ಕಣ್ಣು ಹಲವು ಎಳೆಗಳೆಂದಿತು. ಸರಳವಾದ ಗುಣಾಕಾರ ಭಾಗಾಕಾರಗಳು ಇಲ್ಲಿ ಏನೋ ಕೊರತೆಯಿದೆ ಎಂದು ಎಚ್ಚರಿಸಿದುವು. ಚುರುಕಾದ ಕ್ಯಾಮೆರಾ ನ್ಯಾಯ ಹೇಳಿತು. ಶಾಲೆಯಲ್ಲಿ ಕಲಿತ ಅಂಕಗಣಿತದಿಂದಲೇ ಪ್ರಕೃತಿಯನ್ನು ಪ್ರಶ್ನಿಸಬಹುದೆಂಬುದಕ್ಕೆ ಈ ಕಣ್ಣಿಗೆ ಕಾಣದ ನೂಲು ಒಳ್ಳೆಯ ಸಾಕ್ಷಿಯಾಗಿದೆ.